ಮೊದಲು ತೂಕ, ಆಮೇಲೆ ಕಾಯಿಲೆಯ ಹೆಸರು: ಕ್ಯಾಶುವಾಲ್ಟಿಗೆ ಮಗು ಬಂದಾಗಿನ ಇಪ್ಪತ್ತು ನಿಮಿಷ

ರಾತ್ರಿ ಎರಡು ಗಂಟೆ. ಆಟೋ ಬಂದು ಆಸ್ಪತ್ರೆ ಬಾಗಿಲಲ್ಲಿ ನಿಲ್ಲುತ್ತದೆ. ಟವೆಲ್ಲಿನಲ್ಲಿ ಸುತ್ತಿದ ಮಗುವನ್ನು ಎದೆಗವಚಿಕೊಂಡು ತಾಯಿ ಓಡಿ ಬರುತ್ತಾಳೆ. ಹಿಂದೆ ಅಜ್ಜಿ, ಸೋದರಮಾವ, ಪಕ್ಕದ ಮನೆಯವರು. ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ. ಇಡೀ ದಿನ ಎದೆನೋವು, ಬೈಕ್ ಆಕ್ಸಿಡೆಂಟ್ ನೋಡಿ ಸುಸ್ತಾದ ಡ್ಯೂಟಿ ಡಾಕ್ಟರ್ ತಲೆಯಲ್ಲಿ ಆಗ ಒಂದೇ ಯೋಚನೆ: ಮಕ್ಕಳ ಡಾಕ್ಟರ್ ಎಲ್ಲಿ?

ಅವರು ಮನೆಯಿಂದ ಹೊರಟು ಬರಲು ಇಪ್ಪತ್ತು ನಿಮಿಷವಾದರೂ ಬೇಕು. ಈ ಲೇಖನ ಆ ಇಪ್ಪತ್ತು ನಿಮಿಷಕ್ಕೆ. ಫೋನಿನ ಆಚೆ ತುದಿಯಲ್ಲಿ ಚಪ್ಪಲಿ ಹುಡುಕುತ್ತಾ "ತೂಕ ಎಷ್ಟು?" ಅಂತ ಕೇಳುವ ಮಕ್ಕಳ ಡಾಕ್ಟರ್ ನಾನು. ಎಷ್ಟೋ ಸಲ ಅದಕ್ಕೆ ಉತ್ತರ ಬರುವುದಿಲ್ಲ. "ನ್ಯುಮೋನಿಯಾ ಇರಬಹುದು", "ಮೆದುಳು ಜ್ವರ ಇರಬಹುದು" ಅಂತಾರೆ. ಇರಲಿ, ಹೆಸರು ಆಮೇಲೆ ಹುಡುಕೋಣ. ಮಕ್ಕಳ ಎಮರ್ಜೆನ್ಸಿಯಲ್ಲಿ ನಾನು ಕಂಡ ತಪ್ಪುಗಳಲ್ಲಿ ಕಾಯಿಲೆ ಗೊತ್ತಾಗದೆ ಆದವು ಕಡಿಮೆ. ಗಾಬರಿಯಲ್ಲಿ ಲೆಕ್ಕ ತಪ್ಪಿದ್ದು, ದೊಡ್ಡವರಿಗೆ ಮಾಡುವ ಅಭ್ಯಾಸವನ್ನೇ ಮಗುವಿಗೂ ಮಾಡಿದ್ದು, ಇವೇ ಜಾಸ್ತಿ.

ಇದನ್ನು ತಾಲೂಕು ಆಸ್ಪತ್ರೆಯ ಡ್ಯೂಟಿ ಡಾಕ್ಟರ್‌ಗಳಿಗೆ, ನರ್ಸ್‌ಗಳಿಗೆ ಬರೆದಿದ್ದೇನೆ. ಅಪ್ಪ ಅಮ್ಮಂದಿರು ಓದಿದರೂ ನಷ್ಟವಿಲ್ಲ. ಮಗು ಬಂದ ಕೂಡಲೇ ನಾವು ತಕ್ಕಡಿ ಕಡೆ ಯಾಕೆ ಓಡುತ್ತೇವೆ ಅಂತ ಗೊತ್ತಾಗುತ್ತದೆ. ಆದರೆ ಇಲ್ಲಿನ ಡೋಸ್‌ಗಳು ಮನೆಯಲ್ಲಿ ಬಳಸಲು ಅಲ್ಲ. ಡಾಕ್ಟರ್‌ಗಳೂ ನಿಮ್ಮ ಆಸ್ಪತ್ರೆಯ ಪ್ರೋಟೋಕಾಲ್ ಜೊತೆ ಒಮ್ಮೆ ತಾಳೆ ನೋಡಿಕೊಳ್ಳಿ.

ಹಂತ 1: ಹಗಲಲ್ಲೇ ಮಾಡಿಡಬೇಕಾದ ಕೆಲಸ

ಗೋಡೆಗೆ ಒಂದು ಚಾರ್ಟ್ ಅಂಟಿಸಿ. ಎಡಗಡೆ ತೂಕ: 3, 5, 8, 10, 15, 20, 25 ಕೆಜಿ. ಮುಂದೆ ಪ್ರತಿ ಔಷಧಿ ಎಷ್ಟು ಎಂಎಲ್ ಎಂದು ನೇರವಾಗಿ ಬರೆಯಿರಿ. ಮಿಲಿಗ್ರಾಂ ಬರೆದು ಬಿಟ್ಟರೆ ರಾತ್ರಿ ಎರಡು ಗಂಟೆಗೆ ಮತ್ತೆ ಗುಣಾಕಾರ, ಭಾಗಾಕಾರ ಮಾಡಬೇಕಾಗುತ್ತದೆ. ಆಗ ಯಾರ ಗಣಿತವೂ ಸರಿ ಇರುವುದಿಲ್ಲ, ನನ್ನದೂ ಸೇರಿ.

ಉದಾಹರಣೆಗೆ 10 ಕೆಜಿ ಸಾಲು ಹೀಗಿರಲಿ. ಹೃದಯ ನಿಂತಾಗ ವೇನ್‌ಗೆ ಅಡ್ರಿನಲಿನ್: 1 ಎಂಎಲ್ ಆಂಪೂಲನ್ನು 10 ಎಂಎಲ್‌ಗೆ ತೆಳು ಮಾಡಿ, ಅದರಲ್ಲಿ 1 ಎಂಎಲ್. ಅಲರ್ಜಿ ಶಾಕ್‌ಗೆ (ಅಲರ್ಜಿಯಿಂದ ರಕ್ತ ಸಂಚಾರ ಕುಸಿದಾಗ) ತೊಡೆಗೆ ಅಡ್ರಿನಲಿನ್: ತೆಳು ಮಾಡದ್ದು 0.1 ಎಂಎಲ್. ಫಿಟ್ಸ್‌ಗೆ ಮಿಡಜೋಲಾಮ್: 2 ಮಿ.ಗ್ರಾಂ, ನಿಮ್ಮಲ್ಲಿರುವ ಸ್ಪ್ರೇಯಲ್ಲಿ ಎಷ್ಟು ಪಫ್ ಎಂದೂ ಬರೆಯಿರಿ. ಸಕ್ಕರೆ ಇಳಿದರೆ 10% ಡೆಕ್ಸ್‌ಟ್ರೋಸ್: 50 ಎಂಎಲ್. ಒಂದು ಬೋಲಸ್ (ಒಮ್ಮೆಲೇ ಜೋರಾಗಿ ಕೊಡುವ ಡ್ರಿಪ್): 100 ಎಂಎಲ್. ಉಳಿದ ಸಾಲುಗಳನ್ನು ನೀವೇ ತುಂಬಿಸಿ, ಇನ್ನೊಬ್ಬರ ಕೈಲಿ ಚೆಕ್ ಮಾಡಿಸಿ.

ಅಡ್ರಿನಲಿನ್ ಹತ್ತಿರ ಸ್ವಲ್ಪ ನಿಲ್ಲಿ. ತೆಳು ಮಾಡಿದ್ದಕ್ಕೂ ಮಾಡದ್ದಕ್ಕೂ ಹತ್ತು ಪಟ್ಟು ವ್ಯತ್ಯಾಸ. ಎರಡು ಸಿರಿಂಜ್ ಪಕ್ಕಪಕ್ಕ ಇದ್ದರೆ ಅದಲುಬದಲಾಗುವುದು ಸುಲಭ. ಸಿರಿಂಜ್ ತುಂಬಿಸಿದ ತಕ್ಷಣ ಪ್ಲಾಸ್ಟರ್ ಅಂಟಿಸಿ ಪೆನ್ನಲ್ಲಿ ಬರೆಯಿರಿ. ಡಾಕ್ಟರ್ ಡೋಸ್ ಜೋರಾಗಿ ಹೇಳಬೇಕು, ಸಿಸ್ಟರ್ ಅದನ್ನೇ ಜೋರಾಗಿ ತಿರುಗಿ ಹೇಳಿ ಕೊಡಬೇಕು. ಮೊದಮೊದಲು ನಾಟಕದ ಡೈಲಾಗ್ ಥರ ಅನಿಸುತ್ತದೆ. ಪರವಾಗಿಲ್ಲ.

ಮಕ್ಕಳ ಸಾಮಾನಿಗೆ ಬೇರೆಯದೇ ಡಬ್ಬಿ ಇರಲಿ. 250 ಮತ್ತು 500 ಎಂಎಲ್ ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ), 0, 1, 2 ಸೈಜ್ ಮಾಸ್ಕ್, ಚಿಕ್ಕ ಸಕ್ಷನ್ ಕ್ಯಾತಿಟರ್, ಮೂಳೆಗೆ ಹಾಕುವ ಸೂಜಿ, ಗ್ಲುಕೋಮೀಟರ್. ಸ್ಟ್ರಿಪ್‌ಗಳ ಎಕ್ಸ್‌ಪೈರಿ ನೋಡಿ. ಮಕ್ಕಳ ಪಲ್ಸ್ ಆಕ್ಸಿಮೀಟರ್ ಪ್ರೋಬ್ ಇಲ್ಲದಿದ್ದರೆ ತರಿಸಿ. ದೊಡ್ಡವರ ಕ್ಲಿಪ್ಪನ್ನು ಕಡಲೆಕಾಯಿಯಷ್ಟು ಬೆರಳಿಗೆ ಹಾಕಿದರೆ ಬರುವ ನಂಬರ್ ನಂಬಲು ಆಗುವುದಿಲ್ಲ.

ಹಂತ 2: ಮುಟ್ಟುವ ಮೊದಲು ಅರ್ಧ ನಿಮಿಷ ನೋಡಿ

ಸ್ಟೆತಸ್ಕೋಪ್ ಕುತ್ತಿಗೆಯಲ್ಲೇ ಇರಲಿ. ಮಗು ತಾಯಿಯ ಮಡಿಲಲ್ಲೇ ಇರಲಿ. ದೂರದಿಂದ ಮೂರು ಸಂಗತಿ ನೋಡಿ: ಮಗು ಹೇಗೆ ಕಾಣುತ್ತಿದೆ, ಉಸಿರಿಗೆ ಎಷ್ಟು ಕಷ್ಟಪಡುತ್ತಿದೆ, ಚರ್ಮದ ಬಣ್ಣ ಹೇಗಿದೆ.

ಜೋರಾಗಿ ಅತ್ತು ನಿಮ್ಮ ಕೈ ತಳ್ಳುವ ಮಗು ಸದ್ಯಕ್ಕೆ ನಿಮಗೆ ಸಮಯ ಕೊಟ್ಟಿದೆ. ಅಮ್ಮನ ಹೆಗಲ ಮೇಲೆ ಸುಮ್ಮನೆ ಒರಗಿ, ಇಂಜೆಕ್ಷನ್ ಚುಚ್ಚಿದರೂ ಅಳದ ಮಗುವೇ ಮೊದಲ ಸರದಿಯದ್ದು. ಕ್ಯಾಶುವಾಲ್ಟಿಯಲ್ಲಿ ಗಲಾಟೆ ಮಾಡುವವರ ಕಡೆ ಎಲ್ಲರೂ ಓಡುತ್ತೇವೆ, ಮೂಲೆಯಲ್ಲಿ ಸದ್ದಿಲ್ಲದೆ ಮಲಗಿದ ಮಗು ಕಾಣುವುದೇ ಇಲ್ಲ.

ಉಸಿರಾಟಕ್ಕೆ ಬಟ್ಟೆ ಬಿಚ್ಚಿಸಿ ನೋಡಿ. ಪಕ್ಕೆ ಒಳಗೆ ಸೆಳೆಯುತ್ತಿದೆಯಾ? ಮೂಗಿನ ಹೊಳ್ಳೆ ಅರಳುತ್ತಿದೆಯಾ? ಪ್ರತಿ ಉಸಿರಿಗೂ ತಲೆ ಆಡುತ್ತಿದೆಯಾ? ನರಳಿದ ಹಾಗೆ "ಹ್ಞ, ಹ್ಞ" ಸದ್ದು ಇದೆಯಾ? ಆ ನರಳಿಕೆ ನೋವಿನದ್ದಲ್ಲ. ಶ್ವಾಸಕೋಶ ಮುಚ್ಚಿಕೊಳ್ಳದಂತೆ ಮಗು ತಾನೇ ಒತ್ತಡ ಹಾಕಿಕೊಳ್ಳುತ್ತಿದೆ ಎಂದರ್ಥ. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40. ಇಷ್ಟು ಅಥವಾ ಇದಕ್ಕಿಂತ ಜಾಸ್ತಿ ಇದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಅದು ವೇಗದ ಉಸಿರು. ವೇಗವಾಗಿ ಉಸಿರಾಡುತ್ತಿದ್ದ ಮಗು ಸುಸ್ತಾಗಿ ನಿಧಾನ ಮಾಡಿದರೆ "ಸುಧಾರಿಸಿತು" ಅಂತ ಬರೆಯಬೇಡಿ. ಅಂಬು ಬ್ಯಾಗ್ ಕೈಗೆ ತಗೊಳ್ಳಿ.

ನಮ್ಮ ಮಕ್ಕಳ ಮೈಬಣ್ಣದಲ್ಲಿ ನೀಲಿ, ಬಿಳಿಚು ಸುಲಭಕ್ಕೆ ತಿಳಿಯುವುದಿಲ್ಲ. ನಾಲಿಗೆ, ತುಟಿ, ಅಂಗೈ, ಅಂಗಾಲು ನೋಡಿ. ಪಾದದಿಂದ ಮೇಲಕ್ಕೆ ಕೈ ಆಡಿಸಿ, ತಣ್ಣಗಿರುವುದು ಎಲ್ಲಿಯವರೆಗಿದೆ ಎಂದು ಗಮನಿಸಿ. ಎದೆಯ ಮೇಲೆ ಬೆರಳಿಂದ ಒತ್ತಿ ಬಿಟ್ಟಾಗ ಬಣ್ಣ ಮರಳಲು 3 ಸೆಕೆಂಡಿಗಿಂತ ಜಾಸ್ತಿ ಬೇಕಾದರೆ ರಕ್ತ ಸಂಚಾರ ಸೊರಗಿದೆ. ಬಿಪಿ ಚೆನ್ನಾಗಿದೆ ಅಂತ ಸಮಾಧಾನ ಪಡಬೇಡಿ. ಮಕ್ಕಳಲ್ಲಿ ಬಿಪಿ ಕೊನೆಗೆ ಬೀಳುತ್ತದೆ, ಬಿದ್ದ ಮೇಲೆ ಉಳಿಯುವ ಸಮಯ ಬಹಳ ಕಡಿಮೆ. ಒಂದರಿಂದ ಹತ್ತು ವರ್ಷದವರಿಗೆ ವಯಸ್ಸನ್ನು ಎರಡರಿಂದ ಗುಣಿಸಿ 70 ಕೂಡಿಸಿ. ಮೇಲಿನ ಬಿಪಿ ಅದಕ್ಕಿಂತ ಕೆಳಗಿದ್ದರೆ ಕಡಿಮೆ ಎಂದು ಲೆಕ್ಕ.

ಹಂತ 3: ತೂಕ

ತಕ್ಕಡಿ ಕ್ಯಾಶುವಾಲ್ಟಿಯಲ್ಲೇ ಇರಲಿ, ಲಸಿಕೆ ರೂಮಿನಲ್ಲಿ ಬೀಗ ಹಾಕಿಕೊಂಡಲ್ಲ. ಮಗು ನಿಲ್ಲದಿದ್ದರೆ ತಾಯಿ ಮಗುವನ್ನು ಎತ್ತಿಕೊಂಡು ನಿಲ್ಲಲಿ, ಆಮೇಲೆ ಒಬ್ಬಳೇ ನಿಲ್ಲಲಿ, ಕಳೆಯಿರಿ. ಅಷ್ಟಕ್ಕೂ ಸಮಯ ಇಲ್ಲದಿದ್ದರೆ ಅಂದಾಜು: ವರ್ಷ ದಾಟಿದ ಮಗುವಿಗೆ ವಯಸ್ಸಿಗೆ 4 ಕೂಡಿಸಿ ಎರಡರಿಂದ ಗುಣಿಸಿ. ಮೂರು ವರ್ಷಕ್ಕೆ 14 ಕೆಜಿ. ವರ್ಷದೊಳಗಿನ ಕೂಸಿಗೆ ತಿಂಗಳಿಗೆ 9 ಕೂಡಿಸಿ ಅರ್ಧ ಮಾಡಿ. ಮಗು ಸೊರಗಿದ್ದರೆ ಈ ಸೂತ್ರ ತೂಕವನ್ನು ಜಾಸ್ತಿ ತೋರಿಸುತ್ತದೆ, ಅದನ್ನು ಮನಸ್ಸಿನಲ್ಲಿಟ್ಟು ಕಡಿಮೆ ಮಾಡಿ. ತಾಯಿ ಕಾರ್ಡಿನಲ್ಲಿ ಹೋದ ವಾರದ ತೂಕ ಇದ್ದರೂ ಇರಬಹುದು, ಕೇಳಿ.

ಸಿಕ್ಕ ನಂಬರನ್ನು ಮಗುವಿನ ಬೆಡ್‌ಶೀಟ್ ಮೇಲೆ ಸ್ಕೆಚ್ ಪೆನ್ನಲ್ಲಿ ದೊಡ್ಡದಾಗಿ ಬರೆಯಿರಿ. ಶೀಟ್ ಹಾಳಾಗುತ್ತದೆ ಅಂತ ಬೈಗುಳ ಬರಬಹುದು. ತಿನ್ನಿ.

ಹಂತ 4: ಉಸಿರು

ಚಿಕ್ಕ ಕೂಸಿನ ತಲೆ ದೊಡ್ಡದು, ಮಲಗಿಸಿದರೆ ಕುತ್ತಿಗೆ ತಾನಾಗೇ ಮುಂದಕ್ಕೆ ಮಡಚಿಕೊಳ್ಳುತ್ತದೆ. ಹೆಗಲ ಕೆಳಗೆ ತೆಳ್ಳಗಿನ ಬಟ್ಟೆ ಮಡಚಿಟ್ಟು ಮುಖ ನೇರ ಮೇಲೆ ನೋಡುವ ಹಾಗೆ ಮಾಡಿ. ಮೂಗಿನ ಗೊಣ್ಣೆ ಸಕ್ಷನ್ ಮಾಡಿ. ಮೊದಲ ತಿಂಗಳುಗಳಲ್ಲಿ ಕೂಸು ಉಸಿರಾಡುವುದು ಹೆಚ್ಚಾಗಿ ಮೂಗಿನಿಂದಲೇ. ಮೂಗು ಕಟ್ಟಿದ್ದಕ್ಕೇ ಪಕ್ಕೆ ಸೆಳೆಯುತ್ತಿದ್ದ ಕೂಸುಗಳನ್ನು ಎಷ್ಟೋ ನೋಡಿದ್ದೇನೆ. ಆಕ್ಸಿಜನ್ ಹಚ್ಚಿ. ಉಸಿರು ಸಾಲದಿದ್ದರೆ ಅಂಬು ಮಾಡಿ, ಎರಡು ಮೂರು ಸೆಕೆಂಡಿಗೊಮ್ಮೆ, ಎದೆ ಏಳುವಷ್ಟು ಮಾತ್ರ. ಟ್ಯೂಬ್ ಹಾಕಲು ಬರುವುದಿಲ್ಲವೆಂದು ಗಾಬರಿಯಾಗಬೇಡಿ. ಚೆನ್ನಾಗಿ ಅಂಬು ಮಾಡಲು ಬಂದರೆ ಆ ಇಪ್ಪತ್ತು ನಿಮಿಷ ದಾಟಬಹುದು.

ಉಸಿರು ಒಳಗೆಳೆಯುವಾಗ ಕರ್ಕಶ ಸದ್ದು, ನಾಯಿ ಬೊಗಳಿದ ಹಾಗೆ ಕೆಮ್ಮು ಇದ್ದರೆ ಅದು ಗಂಟಲ ಕೆಳಗಿನ ಊತ. ಈ ಮಗುವನ್ನು ಅಮ್ಮನ ಮಡಿಲಿಂದ ಕಿತ್ತುಕೊಳ್ಳಬೇಡಿ, ಬಾಯಿಗೆ ಕಡ್ಡಿ ಹಾಕಿ ಗಂಟಲು ನೋಡಬೇಡಿ. ಅತ್ತಷ್ಟೂ ದಾರಿ ಕಿರಿದಾಗುತ್ತದೆ. ಡೆಕ್ಸಾಮೆಥಾಸೋನ್ ಕೆಜಿಗೆ 0.6 ಮಿ.ಗ್ರಾಂ ಒಂದೇ ಡೋಸ್, ಬಾಯಿಂದಲೇ ಸಾಕು. ಕಷ್ಟ ಜಾಸ್ತಿ ಇದ್ದರೆ ಅಡ್ರಿನಲಿನ್ ನೆಬ್ಯುಲೈಸ್ ಮಾಡಿ, ತೆಳು ಮಾಡದ್ದು ಕೆಜಿಗೆ 0.5 ಎಂಎಲ್, ಗರಿಷ್ಠ 5 ಎಂಎಲ್. ಉಬ್ಬಸದ ಮಗುವಿಗೆ ಸಾಲ್ಬುಟಮಾಲ್, 20 ಕೆಜಿಯೊಳಗೆ 2.5 ಮಿ.ಗ್ರಾಂ, ಇಪ್ಪತ್ತು ನಿಮಿಷಕ್ಕೊಮ್ಮೆ ಮೂರು ಸಲ, ಜೊತೆಗೆ ಇಪ್ರಾಟ್ರೋಪಿಯಂ ಮತ್ತು ಸ್ಟೀರಾಯ್ಡ್. ಎದೆಯಲ್ಲಿ ಸಿಳ್ಳೆ ನಿಂತು ನಿಶ್ಶಬ್ದವಾದರೆ ಗಾಳಿಯೇ ಹೋಗುತ್ತಿಲ್ಲ ಎಂದು ತಿಳಿಯಿರಿ.

"ಚೆನ್ನಾಗಿ ಆಡ್ತಿದ್ದ, ತಿನ್ನುವಾಗ ಇದ್ದಕ್ಕಿದ್ದಂಗೆ ಕೆಮ್ಮಿದ" ಅಂತ ತಾಯಿ ಹೇಳಿದರೆ ಕಿವಿ ನಿಮಿರಲಿ. ಕಡಲೆಬೀಜ, ಹುಣಸೆಬೀಜ, ಅಡಿಕೆ ಚೂರು ಶ್ವಾಸನಾಳದಲ್ಲಿ ಕೂತಿರಬಹುದು. ಕಡಲೆಬೀಜ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಫಿಲ್ಮ್ ಪೂರ್ತಿ ನಾರ್ಮಲ್ ಇದ್ದರೂ ತಾಯಿಯ ಮಾತೇ ಮುಖ್ಯ. ಉಸಿರೇ ಕಟ್ಟಿದ್ದರೆ ವರ್ಷದೊಳಗಿನ ಕೂಸಿಗೆ ಬೆನ್ನಿಗೆ ಐದು ಗುದ್ದು, ಎದೆಗೆ ಐದು ಒತ್ತು. ಬಾಯೊಳಗೆ ಕಾಣದ ವಸ್ತುವಿಗೆ ಬೆರಳು ಹಾಕಿ ತಡಕಬೇಡಿ.

ಹೃದಯ ನಿಂತಿದ್ದರೆ ಇಬ್ಬರು ಸೇರಿ 15 ಒತ್ತು, 2 ಉಸಿರು. ನಿಮಿಷಕ್ಕೆ 100ರಿಂದ 120 ವೇಗ, ಎದೆಯ ಮೂರನೇ ಒಂದು ಭಾಗದ ಆಳ. ಮಕ್ಕಳಲ್ಲಿ ಹೆಚ್ಚಾಗಿ ಉಸಿರು ಹೋಗಿ ಆಮೇಲೆ ಹೃದಯ ನಿಲ್ಲುತ್ತದೆ. ಹಾಗಾಗಿ ಬರೀ ಎದೆ ಒತ್ತಿದರೆ ಸಾಲದು, ಆ ಎರಡು ಉಸಿರು ಬಿಡಬೇಡಿ.

ಹಂತ 5: ಡ್ರಿಪ್ ಮತ್ತು ಆತುರ

ಕುಸಿದ ಮಗುವಿನಲ್ಲಿ "ವೇನ್ ಸಿಗ್ತಿಲ್ಲ" ಎನ್ನುತ್ತಾ ಹದಿನೈದು ನಿಮಿಷ ಕಳೆಯುವುದು ನಮ್ಮಲ್ಲಿ ಮಾಮೂಲು. ಎರಡು ಪ್ರಯತ್ನ ಅಥವಾ ಒಂದೂವರೆ ನಿಮಿಷ, ಅಷ್ಟೇ. ಆಮೇಲೆ ಮೂಳೆ. ಮೊಣಕಾಲ ಚಿಪ್ಪಿನ ಕೆಳಗೆ ಕೈಗೆ ಸಿಗುವ ಗುಬ್ಬಿನಿಂದ ಒಂದೆರಡು ಸೆಂಟಿಮೀಟರ್ ಕೆಳಗೆ, ಒಳಬದಿಗೆ, ಚಪ್ಪಟೆ ಮೂಳೆ ಇದೆ. ಅಲ್ಲಿ ನೇರವಾಗಿ ತಿರುಚುತ್ತಾ ಒತ್ತಿ. "ಟಕ್" ಎಂದು ಪ್ರತಿರೋಧ ಕಳೆದುಹೋದರೆ ಒಳಗೆ ಹೋಯಿತು. ವೇನ್‌ಗೆ ಕೊಡುವ ಎಮರ್ಜೆನ್ಸಿ ಔಷಧಿ, ರಕ್ತ ಎಲ್ಲವನ್ನೂ ಅಲ್ಲಿ ಕೊಡಬಹುದು. ಕಾಲು ಮುರಿದಿದ್ದರೆ ಆ ಕಾಲು ಬೇಡ. ನೋಡುವವರಿಗೆ ಭಯ ಹುಟ್ಟಿಸುವ ಕೆಲಸ ನಿಜ, ಅಪ್ಪನಿಗೆ ಮೊದಲೇ ಒಂದು ಮಾತು ಹೇಳಿ.

ಇನ್ನು ಎಷ್ಟು ಕೊಡಬೇಕು? ಶಾಕ್ ಅಂದರೆ ಬಾಟಲಿ ಜೋರಾಗಿ ಬಿಡು ಎನ್ನುವ ಕಾಲವಿತ್ತು. 2011ರಲ್ಲಿ ಕೀನ್ಯಾ, ಉಗಾಂಡ, ತಾಂಜಾನಿಯದಲ್ಲಿ ನಡೆದ ಫೀಸ್ಟ್ ಎಂಬ ಅಧ್ಯಯನದ ಫಲಿತಾಂಶ ಬಂತು. ಜ್ವರದಿಂದ ರಕ್ತ ಸಂಚಾರ ಸೊರಗಿದ 3,000ಕ್ಕೂ ಹೆಚ್ಚು ಮಕ್ಕಳು ಅದರಲ್ಲಿದ್ದರು. ಜೋರಾಗಿ ಬೋಲಸ್ ಕೊಟ್ಟ ಗುಂಪಿನಲ್ಲಿ 48 ಗಂಟೆಯೊಳಗೆ ಶೇ 10.5ರಷ್ಟು ಮಕ್ಕಳು ತೀರಿಕೊಂಡರು, ಕೊಡದ ಗುಂಪಿನಲ್ಲಿ ಶೇ 7.3. ವೆಂಟಿಲೇಟರ್, ಐಸಿಯು ಇಲ್ಲದ ಆಸ್ಪತ್ರೆಗಳವು, ನಮ್ಮ ತಾಲೂಕು ಆಸ್ಪತ್ರೆಗಳ ಥರಾನೇ. ಈ ಅಂಕಿಯನ್ನು ಗೋಡೆಗೆ ಅಂಟಿಸಿದರೂ ತಪ್ಪಿಲ್ಲ.

2020ರ ಅಂತರರಾಷ್ಟ್ರೀಯ ಸೆಪ್ಸಿಸ್ (ಸೋಂಕಿನಿಂದ ಅಂಗಾಂಗಗಳು ಸೋಲುವ ಸ್ಥಿತಿ) ಮಾರ್ಗಸೂಚಿಯ ಮಾತೂ ಅದೇ. ಐಸಿಯು ಇಲ್ಲದ ಕಡೆ ಸೆಪ್ಸಿಸ್ ಮಗುವಿನ ಬಿಪಿ ಬಿದ್ದಿಲ್ಲದಿದ್ದರೆ ಬೋಲಸ್ ಬೇಡ, ಮೇಂಟೆನೆನ್ಸ್ (ದಿನಕ್ಕೆ ಬೇಕಾದಷ್ಟೇ ನಿಧಾನದ ಡ್ರಿಪ್) ಸಾಕು. ಬಿಪಿ ಬಿದ್ದಿದ್ದರೆ ಕೆಜಿಗೆ 10ರಿಂದ 20 ಎಂಎಲ್‌ನಂತೆ ಕೊಡುತ್ತಾ, ಮೊದಲ ಗಂಟೆಯಲ್ಲಿ ಒಟ್ಟು ಕೆಜಿಗೆ 40 ಎಂಎಲ್ ದಾಟದ ಹಾಗೆ. ಪ್ರತಿ ಸಲ ಕೊಟ್ಟ ಮೇಲೆ ಮತ್ತೆ ಮುಟ್ಟಿ ನೋಡಿ. ಪಕ್ಕೆಯ ಕೆಳಗೆ ಲಿವರ್ ಅಂಚು ಇಳಿದಿದೆಯಾ, ಎದೆಯ ತಳದಲ್ಲಿ ಗುಳುಗುಳು ಶುರುವಾಗಿದೆಯಾ? ಆಗಿದ್ದರೆ ನಿಲ್ಲಿಸಿ. ಬಾಟಲಿ ನೇತುಹಾಕಿ ಬೇರೆ ಪೇಷಂಟ್ ಕಡೆ ಹೋಗಬೇಡಿ, 50 ಎಂಎಲ್ ಸಿರಿಂಜ್‌ನಲ್ಲಿ ಎಳೆದು ಎಣಿಸಿ ಕೊಡಿ. ಆಂಟಿಬಯಾಟಿಕ್ ಮೊದಲ ಗಂಟೆಯೊಳಗೆ ಹೋಗಲಿ.

ಆದರೆ ಎಲ್ಲ ಶಾಕ್ ಒಂದೇ ಅಲ್ಲ. ವಾಂತಿಭೇದಿಯಲ್ಲಿ ಕಣ್ಣು ಗುಳಿಬಿದ್ದು ಹೊಟ್ಟೆಯ ಚರ್ಮ ಚಿವುಟಿದರೆ ಹಾಗೇ ನಿಲ್ಲುವ ಮಗುವಿಗೆ ನೀರು ಬೇಕೇ ಬೇಕು, ಅಲ್ಲಿ ಹಿಂಜರಿಯಬೇಡಿ. ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್ ಡ್ರಿಪ್) ಕೆಜಿಗೆ ಒಟ್ಟು 100 ಎಂಎಲ್. ವರ್ಷದೊಳಗಿನವರಿಗೆ ಮೊದಲ 30 ಎಂಎಲ್ ಒಂದು ಗಂಟೆಯಲ್ಲಿ, ಉಳಿದ 70 ಐದು ಗಂಟೆಯಲ್ಲಿ. ವರ್ಷ ದಾಟಿದವರಿಗೆ ಅರ್ಧ ಗಂಟೆ, ಆಮೇಲೆ ಎರಡೂವರೆ ಗಂಟೆ. ತೀವ್ರ ಅಪೌಷ್ಟಿಕ ಮಗುವಿಗೆ ಮಾತ್ರ ಈ ಲೆಕ್ಕ ಹಾಕಬೇಡಿ. ಆ ಸೊರಗಿದ ಹೃದಯ ಇಷ್ಟು ನೀರು ತಾಳುವುದಿಲ್ಲ. ಅಲ್ಲಿ ಶಾಕ್ ಇದ್ದರೆ ಕೆಜಿಗೆ 15 ಎಂಎಲ್, ಅದೂ ಒಂದು ಗಂಟೆಯಲ್ಲಿ.

ಡೆಂಗಿಯಲ್ಲಿ ಮೋಸ ಹೋಗುವುದು ಜ್ವರ ಬಿಟ್ಟ ದಿನ. "ಜ್ವರ ಇಳೀತು ಡಾಕ್ಟ್ರೇ, ಆದ್ರೆ ಮಂಕಾಗಿದ್ದಾನೆ" ಎಂದರೆ ಕೂಡಲೇ ಬಿಪಿ ನೋಡಿ. ಮೇಲಿನದ್ದಕ್ಕೂ ಕೆಳಗಿನದ್ದಕ್ಕೂ ಅಂತರ 20 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದು ಶಾಕ್, ಪ್ಲೇಟ್‌ಲೆಟ್ ಎಷ್ಟೇ ಇರಲಿ.

ಹಂತ 6: ಫಿಟ್ಸ್, ಮತ್ತು ಒಂದು ಹನಿ ರಕ್ತ

ಜ್ವರದ ಫಿಟ್ಸ್ ಮಗು ಹೆಚ್ಚಾಗಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ನಿಂತಿರುತ್ತದೆ. ಕೈಯಲ್ಲಿ ಬೀಗದ ಕೈ ಇರುತ್ತದೆ, ಮೂಗಿನ ಹತ್ತಿರ ಈರುಳ್ಳಿ ವಾಸನೆ ಇರುತ್ತದೆ. ಮನೆಯವರನ್ನು ಬೈಯಬೇಡಿ, ಭಯದಲ್ಲಿ ಮಾಡಿರುತ್ತಾರೆ. ನಿಂತ ಫಿಟ್ಸ್‌ಗೆ ನಿದ್ದೆ ಬರಿಸುವ ಇಂಜೆಕ್ಷನ್ ಬೇಡ. ಪಕ್ಕಕ್ಕೆ ಮಲಗಿಸಿ, ಆಕ್ಸಿಜನ್ ಕೊಡಿ, ಸಕ್ಕರೆ ನೋಡಿ.

ನಿಮ್ಮ ಮುಂದೆಯೂ ಫಿಟ್ಸ್ ನಡೆಯುತ್ತಿದ್ದರೆ ಐದು ನಿಮಿಷ ಆಗಲೇ ದಾಟಿದೆ ಎಂದುಕೊಳ್ಳಿ. ಮನೆಯಿಂದ ಇಲ್ಲಿಗೆ ಬರಲೇ ಅಷ್ಟು ಹಿಡಿದಿರುತ್ತದೆ, ಅಲ್ವಾ? ವೇನ್ ಹುಡುಕಲು ಕೂರಬೇಡಿ. ಮಿಡಜೋಲಾಮ್ ಮೂಗಿಗೆ, ಕೆಜಿಗೆ 0.2 ಮಿ.ಗ್ರಾಂ, ಎರಡೂ ಹೊಳ್ಳೆಗೆ ಅರ್ಧರ್ಧ. ಸ್ಪ್ರೇ ಬಾಟಲಿಯ ಲೇಬಲ್ ಓದಿ. ಒಂದು ಪಫ್‌ಗೆ 0.5 ಮಿ.ಗ್ರಾಂನದ್ದೂ ಇದೆ, 1.25ರದ್ದೂ ಇದೆ. 10 ಕೆಜಿ ಮಗುವಿಗೆ 0.5ರ ಬಾಟಲಿಯಾದರೆ ನಾಲ್ಕು ಪಫ್. ಸ್ಪ್ರೇ ಇಲ್ಲದಿದ್ದರೆ ಅದೇ ಡೋಸನ್ನು ತೊಡೆಗೆ ಕೊಡಿ. ಐದು ನಿಮಿಷದಲ್ಲಿ ನಿಲ್ಲದಿದ್ದರೆ ಇನ್ನೊಂದೇ ಸಲ. ಮೂರನೇ ಸಲ ಅದನ್ನೇ ಕೊಡಲು ಹೋದರೆ ಫಿಟ್ಸ್ ಬದಲು ಉಸಿರು ನಿಲ್ಲುತ್ತದೆ. ಮುಂದಿನದ್ದು ಲೆವೆಟಿರಾಸಿಟಾಮ್ ಕೆಜಿಗೆ 40ರಿಂದ 60 ಮಿ.ಗ್ರಾಂ, ಹತ್ತು ನಿಮಿಷದಲ್ಲಿ. ಅಥವಾ ಫೋಸ್‌ಫೆನಿಟಾಯಿನ್ ಕೆಜಿಗೆ 20.

ಪ್ರಜ್ಞೆ ತಪ್ಪಿದ, ಫಿಟ್ಸ್ ಬಂದ, ಶಾಕ್‌ನಲ್ಲಿರುವ ಪ್ರತಿ ಮಗುವಿಗೂ ಗ್ಲುಕೋಮೀಟರ್ ಚುಚ್ಚಿ. ಸಕ್ಕರೆ 45ಕ್ಕಿಂತ ಕಡಿಮೆ, ಅಪೌಷ್ಟಿಕ ಮಗುವಾದರೆ 54ಕ್ಕಿಂತ ಕಡಿಮೆ ಇದ್ದರೆ 10% ಡೆಕ್ಸ್‌ಟ್ರೋಸ್ ಕೆಜಿಗೆ 5 ಎಂಎಲ್, ನವಜಾತ ಶಿಶುವಿಗೆ 2 ಎಂಎಲ್. ಇರುವುದು 25% ಮಾತ್ರವೇ? 20 ಎಂಎಲ್ ತೆಗೆದುಕೊಂಡು 30 ಎಂಎಲ್ ಸ್ಟೆರೈಲ್ ನೀರು ಸೇರಿಸಿ, 50 ಎಂಎಲ್ 10% ರೆಡಿ. ಮೀಟರ್ "ಹೈ" ಎಂದು ತೋರಿಸಿದರೆ? ವಾರದಿಂದ ಜಾಸ್ತಿ ನೀರು ಕುಡಿಯುತ್ತಿದ್ದ, ಹಾಸಿಗೆಯಲ್ಲಿ ಮತ್ತೆ ಮೂತ್ರ ಮಾಡುತ್ತಿದ್ದ, ಈಗ ಹೊಟ್ಟೆನೋವು ಮತ್ತು ಆಳ ಉಸಿರು ಇರುವ ಮಗು ನ್ಯುಮೋನಿಯಾದ್ದಲ್ಲ, ಸಕ್ಕರೆ ಕಾಯಿಲೆಯದ್ದು. ಅಲ್ಲಿ ಇನ್ಸುಲಿನ್ ಒಮ್ಮೆಲೇ ತಳ್ಳಬೇಡಿ. ಸಲೈನ್ ನಿಧಾನಕ್ಕೆ ಶುರು ಮಾಡಿ ಫೋನ್ ಮಾಡಿ.

ಹಂತ 7: ಹೊಲ, ಹಿತ್ತಲಿನಿಂದ ಬರುವ ಎಮರ್ಜೆನ್ಸಿ

ವಿದೇಶಿ ಪುಸ್ತಕಗಳಲ್ಲಿ ಇದು ಕೊನೆಯ ಪುಟದಲ್ಲಿರುತ್ತದೆ, ನಮ್ಮಲ್ಲಿ ವಾರಕ್ಕೊಂದು ಸಲವಾದರೂ ಬಾಗಿಲು ತಟ್ಟುತ್ತದೆ.

ಕೆಂಪು ಚೇಳು ಕಡಿದ ಮಗು ಬೆವರಿನಲ್ಲಿ ತೊಯ್ದಿರುತ್ತದೆ. ಕೈಕಾಲು ತಣ್ಣಗೆ, ವಾಂತಿ, ಜೊಲ್ಲು, ಗಂಡು ಮಗುವಾದರೆ ಶಿಶ್ನ ಸೆಟೆದಿರುತ್ತದೆ. ಇದನ್ನು ನೋಡಿ ಶಾಕ್ ಎಂದು ಬೋಲಸ್ ಕೊಟ್ಟರೆ ಶ್ವಾಸಕೋಶಕ್ಕೆ ನೀರು ತುಂಬುತ್ತದೆ. ಇಲ್ಲಿ ಸೋಲುತ್ತಿರುವುದು ಹೃದಯ. ಮಹಾರಾಷ್ಟ್ರದ ಮಹಾಡ್‌ನಲ್ಲಿ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಅವರು ಹಳ್ಳಿ ಆಸ್ಪತ್ರೆಯಲ್ಲೇ ಕೂತು ಇದಕ್ಕೆ ಪ್ರಾಜೋಸಿನ್ ಮಾತ್ರೆ ಕೆಲಸ ಮಾಡುತ್ತದೆ ಎಂದು ತೋರಿಸಿಕೊಟ್ಟರು. ಡೋಸ್ ಕೆಜಿಗೆ 30 ಮೈಕ್ರೋಗ್ರಾಂ. 1 ಮಿ.ಗ್ರಾಂ ಸಾದಾ ಮಾತ್ರೆಯನ್ನು 10 ಎಂಎಲ್ ನೀರಲ್ಲಿ ಕರಗಿಸಿ, ಕೆಜಿಗೆ 0.3 ಎಂಎಲ್ ಕುಡಿಸಿ. ಕೈಕಾಲು ಬೆಚ್ಚಗಾಗುವವರೆಗೆ ಮೂರು ಗಂಟೆಗೊಮ್ಮೆ. ನಿಧಾನಕ್ಕೆ ಬಿಡುಗಡೆಯಾಗುವ ಎಕ್ಸ್‌ಎಲ್ ಮಾತ್ರೆಯನ್ನು ಪುಡಿ ಮಾಡಬೇಡಿ. ಕೊಟ್ಟ ಮೇಲೆ ಮಗುವನ್ನು ಎತ್ತಿ ಕೂರಿಸಬೇಡಿ, ಬಿಪಿ ದಿಢೀರ್ ಬೀಳಬಹುದು. ಚೇಳಿನ ವಿಷಕ್ಕೆ ಆಂಟಿವೆನಮ್ ಇದ್ದರೆ ಜೊತೆಗೆ ಕೊಡಬಹುದು. ಅಟ್ರೋಪಿನ್ ಬೇಡ. ಬರೀ ಕಡಿದ ಜಾಗದ ನೋವಾದರೆ ಪ್ರಾಜೋಸಿನ್ನೂ ಬೇಡ, ನೋವಿಗೆ ಔಷಧಿ ಕೊಟ್ಟು ಗಮನಿಸುತ್ತಿರಿ.

ಹಾವಿನ ವಿಷಯದಲ್ಲಿ ನನ್ನ ತೂಕದ ಹಠ ಮುರಿಯುತ್ತದೆ. ಹಾವು ಮಗುವಿಗೆಂದು ಕಡಿಮೆ ವಿಷ ಬಿಡುವುದಿಲ್ಲ. ಹಾಗಾಗಿ ಆಂಟಿವೆನಮ್ ಡೋಸ್ ದೊಡ್ಡವರಷ್ಟೇ, ಶುರುವಿಗೆ 8ರಿಂದ 10 ವಯಲ್. ಬೆರೆಸುವ ನೀರಿನ ಪ್ರಮಾಣ ಮಾತ್ರ ತೂಕಕ್ಕೆ ತಕ್ಕಂತೆ. ಅಡ್ರಿನಲಿನ್ ಎಳೆದಿಟ್ಟುಕೊಂಡೇ ಶುರು ಮಾಡಿ. ರಕ್ತ ಹೆಪ್ಪುಗಟ್ಟುತ್ತದಾ ನೋಡಲು 2 ಎಂಎಲ್ ರಕ್ತವನ್ನು ಹೊಸ, ಒಣ ಗಾಜಿನ ಟ್ಯೂಬಿನಲ್ಲಿ 20 ನಿಮಿಷ ಅಲುಗಿಸದೆ ಇಡಿ. ಪ್ಲಾಸ್ಟಿಕ್ ಆಗಲಿ, ಸೋಪಿನಲ್ಲಿ ತೊಳೆದ ಟ್ಯೂಬ್ ಆಗಲಿ ಬೇಡ, ಸುಳ್ಳು ರಿಸಲ್ಟ್ ಬರುತ್ತದೆ. ಕಟ್ಟುಹಾವು ಬೇರೆಯದೇ ಕತೆ. ನೆಲದ ಮೇಲೆ ಮಲಗಿದ್ದ ಮಗು ಬೆಳಗಿನ ಜಾವ ಹೊಟ್ಟೆನೋವು ಎಂದು ಎದ್ದಿರುತ್ತದೆ. ಕಡಿದ ಗುರುತಿಲ್ಲ, ಊತವಿಲ್ಲ. ಆಮೇಲೆ ರೆಪ್ಪೆ ಜೋತು ಬೀಳುತ್ತದೆ, ಮಾತು ತೊದಲುತ್ತದೆ. ಮಗುವಿಗೆ "ಮೇಲೆ ನೋಡು ಪುಟ್ಟ" ಎಂದು ಹೇಳಿ ಕಣ್ಣು ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಉಸಿರು ನಿಂತರೂ ಅಂಬು ಒತ್ತುತ್ತಾ ಹೋದರೆ ಈ ಮಕ್ಕಳು ಬದುಕುತ್ತಾರೆ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡುವುದು ಕಡ್ಡಾಯ, ರಿಜಿಸ್ಟರ್ ತುಂಬಿಸಿ.

ಕೂಲ್‌ಡ್ರಿಂಕ್ ಬಾಟಲಿಯಲ್ಲಿಟ್ಟ ಸೀಮೆಎಣ್ಣೆ ಕುಡಿದ ಮಗುವಿಗೆ ವಾಂತಿ ಮಾಡಿಸಬೇಡಿ, ಹೊಟ್ಟೆ ತೊಳೆಯಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಹೊಲಕ್ಕೆ ಹೊಡೆಯುವ ಔಷಧಿಯಾದರೆ ಕಣ್ಣಪಾಪೆ ಸಣ್ಣ, ಬಾಯಲ್ಲಿ ನೊರೆ, ಎದೆಯಲ್ಲಿ ಗೊರಗೊರ. ಗ್ಲೌಸ್ ಹಾಕಿಕೊಂಡು ಬಟ್ಟೆ ಬಿಚ್ಚಿ ಸೋಪು ಹಚ್ಚಿ ತೊಳೆಯಿರಿ. ಅಟ್ರೋಪಿನ್ ಕೆಜಿಗೆ 0.05 ಮಿ.ಗ್ರಾಂ, ಐದು ನಿಮಿಷಕ್ಕೊಮ್ಮೆ ದುಪ್ಪಟ್ಟು ಮಾಡುತ್ತಾ ಹೋಗಿ. ನಿಲ್ಲಿಸುವ ಗುರುತು ಎದೆ ಒಣಗುವುದು, ಕಣ್ಣಪಾಪೆ ಅಗಲವಾಗುವುದಲ್ಲ. ಇಲಿ ಪೇಸ್ಟ್ ತಿಂದ ಮಗು ಮೊದಲ ದಿನ ಆಡಿಕೊಂಡಿರುತ್ತದೆ, ನಂಬಿ ಮನೆಗೆ ಕಳಿಸಬೇಡಿ. ಹಳದಿ ಫಾಸ್ಫರಸ್ ಆಮೇಲೆ ಲಿವರ್ ಸುಡುತ್ತದೆ. ಗೊಂದಲವಿದ್ದರೆ ದೆಹಲಿ ಏಮ್ಸ್‌ನ ವಿಷ ಮಾಹಿತಿ ಕೇಂದ್ರಕ್ಕೆ ಫೋನ್ ಮಾಡಿ: 1800 116 117.

ಎಕ್ಸ್‌ರೇಯಲ್ಲಿ ನಾಣ್ಯದಂತೆ ಕಂಡರೂ ಅಂಚಿನಲ್ಲಿ ಎರಡು ಉಂಗುರ ಇದ್ದರೆ ಅದು ಬಟನ್ ಬ್ಯಾಟರಿ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯಲ್ಲೇ ಸುಡುತ್ತದೆ, ಬೆಳಗಿನವರೆಗೆ ಕಾಯುವ ಮಾತಿಲ್ಲ. ವರ್ಷ ದಾಟಿದ ಮಗು, ನುಂಗಿ 12 ಗಂಟೆ ಆಗಿಲ್ಲ ಎಂದರೆ ದಾರಿಯಲ್ಲಿ ಹತ್ತು ನಿಮಿಷಕ್ಕೆ 10 ಎಂಎಲ್ ಜೇನುತುಪ್ಪ ಕುಡಿಸುತ್ತಾ ಕಳಿಸಿ, ಆರು ಸಲದವರೆಗೆ.

ಇಂಜೆಕ್ಷನ್ ಆದ ಮೇಲೆ ಅಥವಾ ಜೇನು ಕಡಿದ ಮೇಲೆ ಮೈಯೆಲ್ಲ ದದ್ದು, ಉಬ್ಬಸ, ಕುಸಿತ ಬಂತೆನ್ನಿ. ನಮ್ಮ ಕೈ ತಾನಾಗೇ ಅವಿಲ್ (ಅಲರ್ಜಿ ಇಂಜೆಕ್ಷನ್), ಡೆಕ್ಸಾ (ಸ್ಟೀರಾಯ್ಡ್) ಕಡೆ ಹೋಗುತ್ತದೆ. ಅವು ಕಾಯಲಿ. ಮೊದಲು ತೊಡೆಯ ಹೊರಬದಿಗೆ ಅಡ್ರಿನಲಿನ್, ತೆಳು ಮಾಡದ್ದು ಕೆಜಿಗೆ 0.01 ಎಂಎಲ್, ಮಕ್ಕಳಿಗೆ ಗರಿಷ್ಠ 0.3. ಸುಧಾರಿಸದಿದ್ದರೆ ಐದು ನಿಮಿಷಕ್ಕೆ ಮತ್ತೊಮ್ಮೆ.

ಹಂತ 8: ತಾಯಿ, ಪೊಲೀಸ್, ಅಂಬುಲೆನ್ಸ್

ತಾಯಿಯನ್ನು ಹೊರಗೆ ಕಳಿಸಬೇಡಿ. ತಲೆಯ ಹತ್ತಿರ ನಿಲ್ಲಿಸಿ, ಒಬ್ಬ ಸಿಸ್ಟರ್ ಜೊತೆಗಿರಲಿ. ಉಳಿದ ಹತ್ತು ಜನ ಹೊರಗೆ. ಎರಡು ತಿಂಗಳೊಳಗಿನ ಕೂಸಿನ ತಾಯಿ "ಹಾಲೇ ಕುಡೀತಿಲ್ಲ" ಎಂದರೆ ಬೇರೇನೂ ಕಾಣದಿದ್ದರೂ ಅದು ಎಮರ್ಜೆನ್ಸಿ. ಬೆಚ್ಚಗಿಡಿ, ಸಕ್ಕರೆ ನೋಡಿ, ಆಂಟಿಬಯಾಟಿಕ್ ಕೊಡಿ.

ಗಾಯಕ್ಕೂ ಹೇಳುವ ಕತೆಗೂ ಹೊಂದದಿದ್ದರೆ, ಮಗುಚಿಕೊಳ್ಳಲೂ ಬಾರದ ಕೂಸು ಮಂಚದಿಂದ ಉರುಳಿತು ಎಂದರೆ, ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ಮೆಡಿಕೋ ಲೀಗಲ್ ಕೇಸ್) ಮಾಡಿ. ಲೈಂಗಿಕ ದೌರ್ಜನ್ಯದ ಅನುಮಾನವಿದ್ದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಆದರೆ ಚಿಕಿತ್ಸೆಗೆ ಎಫ್‌ಐಆರ್ ಕಾಯಬೇಕಿಲ್ಲ. ಮಕ್ಕಳ ಸಹಾಯವಾಣಿ 1098.

ರೆಫರ್ ಮಾಡುವಾಗ "ಹೈಯರ್ ಸೆಂಟರ್‌ಗೆ" ಎಂದು ಒಂದು ಸಾಲು ಬರೆದು 108 ಹತ್ತಿಸಬೇಡಿ. ಜಿಲ್ಲಾಸ್ಪತ್ರೆಗೋ, ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಗೋ, ವಾಣಿ ವಿಲಾಸಕ್ಕೋ, ಎಲ್ಲಿಗಾದರೂ ಮೊದಲು ಫೋನ್ ಮಾಡಿ ಬೆಡ್ ಇದೆಯಾ ಕೇಳಿ. ಆಕ್ಸಿಜನ್ ಲೆಕ್ಕ ಹಾಕಿ. ತುಂಬಿದ ಬಿ ಟೈಪ್ ಸಿಲಿಂಡರ್‌ನಲ್ಲಿ ಸುಮಾರು 1,500 ಲೀಟರ್ ಇರುತ್ತದೆ. ನಿಮಿಷಕ್ಕೆ 10 ಲೀಟರ್ ಹೋದರೆ ಎರಡೂವರೆ ಗಂಟೆ. ಮುಳ್ಳು ಅರ್ಧದಲ್ಲಿದ್ದರೆ ಒಂದೂಕಾಲು ಗಂಟೆ, ಆಮೇಲೆ ಘಾಟಿ ಮಧ್ಯದಲ್ಲಿ ಖಾಲಿ. ಅಂಬು ಬ್ಯಾಗ್ ಮಗುವಿನ ಜೊತೆಗೇ ಹೋಗಲಿ, ಒತ್ತಲು ಬರುವ ಒಬ್ಬರೂ ಹೋಗಲಿ. ಚೀಟಿಯಲ್ಲಿ ಮೇಲೆ ತೂಕ, ಕೆಳಗೆ ಯಾವ ಔಷಧಿ, ಎಷ್ಟು, ಎಷ್ಟು ಗಂಟೆಗೆ ಎಂದು ಬರೆಯಿರಿ. ಎರಡು ಡೋಸ್ ಮಿಡಜೋಲಾಮ್ ಆಗಿದೆ ಎಂದು ಬರೆಯದೆ ಕಳಿಸಿದರೆ ಅಲ್ಲಿ ಮೂರನೆಯದ್ದು ಬೀಳುತ್ತದೆ.

ಅಂಬುಲೆನ್ಸ್ ಗೇಟು ದಾಟಿದ ಮೇಲೆ ಟೀ ಕುಡಿಯಿರಿ. ಆದರೆ ಅದಕ್ಕೂ ಮೊದಲು ಡಬ್ಬಿ ತೆರೆದು ಖರ್ಚಾದದ್ದನ್ನು ತುಂಬಿಸಿ: ಎರಡು ಆಂಪೂಲ್ ಅಡ್ರಿನಲಿನ್, ಮೂಳೆ ಸೂಜಿ, ಜೊತೆಗೆ ಹೋದ ಅಂಬು ಬ್ಯಾಗಿನ ಬದಲಿಗೆ ಇನ್ನೊಂದು. ತಕ್ಕಡಿಯನ್ನು ಒರೆಸಿ ಸೊನ್ನೆಗೆ ತಂದಿಡಿ.